ಹದ್ದಕ್ಕ ದಾಟಿಸಿದ ಏಳು ಚಾಕುಗಳು

ಆ ಅಂಗಡಿಗೆ ಮಾಲು ತರುವ ಚಾಕು ಕೆಲಸದವರೆಲ್ಲ ಅವಳನ್ನು ಎದುರಿಗೆ ಅಕ್ಕ ಎನ್ನುತ್ತಿದ್ದರು, ಮೆಟ್ಟಿಲಿಳಿದ ಮೇಲೆ ಹದ್ದಕ್ಕ ಎನ್ನುತ್ತಿದ್ದರು. ಹದ್ದಿನ ಕಣ್ಣಿನ ಅಕ್ಕ ಎಂಬುದು ಬಾಯಿಂದ ಬಾಯಿಗೆ ಸವೆದು ಅಷ್ಟಕ್ಕೆ ಬಂದು ನಿಂತಿತ್ತು. ಅವಳಿಗೆ ಅದು ಗೊತ್ತಿತ್ತು. ಒಳಗೊಳಗೇ ಇಷ್ಟವೂ ಆಗಿತ್ತು.

ಮಹಡಿಯ ಮೇಲೆ, ಕಿಟಕಿಯ ಪಕ್ಕದಲ್ಲಿ ಚಾಕು ಪರೀಕ್ಷಿಸುವ ಅವಳ ಮೇಜು. ಮೇಜಿನ ಮೇಲೆ ದಪ್ಪ ಬಟ್ಟೆ, ಎಣ್ಣೆಯ ಸೀಸೆ, ಒಂದು ಭೂತಗನ್ನಡಿ, ಹಳೆಯ ಪತ್ರಿಕೆಯ ಹಾಳೆಗಳು. ಬಲಕ್ಕೆ ಪಾಸಾದ ಚಾಕುಗಳ ತಟ್ಟೆ, ಎಡಕ್ಕೆ ವಾಪಸ್ಸು ಹೋಗುವವುಗಳ ಬುಟ್ಟಿ. ಅಲ್ಲಿಗೆ ಬರುತ್ತಿದ್ದುದೆಲ್ಲ ಹಳೇ ಕ್ರಮದಲ್ಲಿ ಕೈಯಿಂದ ಮಾಡಿದ ಮಡಚುವ ಚಾಕುಗಳು. ಬೀಗವಿಲ್ಲ, ಗುಂಡಿಯಿಲ್ಲ. ಅಲಗು ತೆರೆದು ನಿಲ್ಲುವುದಕ್ಕೂ ಮಡಚಿ ಕೂರುವುದಕ್ಕೂ ಹಿಡಿಯ ಬೆನ್ನಿನಲ್ಲಿರುವ ಉಕ್ಕಿನ ಸ್ಪ್ರಿಂಗೇ ಗತಿ.

ಹದ್ದಕ್ಕ ಮೊದಲು ಮಡಚಿದ ಚಾಕುವನ್ನು ಬೆಳಕಿಗೆ ಹಿಡಿಯುತ್ತಿದ್ದಳು. ಅಲಗು ಎರಡು ಪಕ್ಕಗಳ ನಡುಮಧ್ಯೆ ಕೂತಿದೆಯೇ, ಸ್ಪ್ರಿಂಗಿಗೂ ಹಿಡಿಗೂ ನಡುವೆ ಬೆಳಕಿನ ಗೆರೆ ತೂರುತ್ತಿದೆಯೇ ನೋಡುವುದು. ಆಮೇಲೆ ಉಗುರಿನಿಂದ ಅಲಗನ್ನು ಮೆಲ್ಲಗೆ ಎತ್ತುವುದು. ಪೂರ್ತಿ ತೆರೆದುಕೊಂಡಾಗ ‘ಟಕ್’ ಎಂಬ ಸದ್ದು ಬರಬೇಕು; ‘ಟಪ್’ ಎಂದರೆ ಅನುಮಾನ, ಸದ್ದೇ ಇಲ್ಲದಿದ್ದರೆ ನೇರ ಬುಟ್ಟಿಗೆ. ತುದಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ರಿವೆಟ್ ಸಡಿಲವಿದೆಯೇ ಎಂದು ನೋಡಿ, ಪತ್ರಿಕೆಯ ಹಾಳೆ ಕತ್ತರಿಸಿ, ಕೊನೆಗೆ ತೆರೆದ ಅಲಗಿನ ಬೆನ್ನನ್ನು ಹೆಬ್ಬೆರಳಿನಿಂದ ಒತ್ತುವುದು. ಸ್ಪ್ರಿಂಗು ಎದುರಾಡಬೇಕು. ಸುಮ್ಮನೆ ಬಗ್ಗಿದರೆ ಅದು ನಂಬಿಕೆಗೆ ಅರ್ಹವಲ್ಲ.

“ಅಕ್ಕನ ಮನೇಲಿ ಊಟದ ತಟ್ಟೆಯನ್ನೂ ಬೆಳಕಿಗೆ ಹಿಡಿದು ತೋರಿಸಿದ ಮೇಲೇ ಅನ್ನ ಬಡಿಸಿಕೊಳ್ಳೋದಂತೆ, ಪಾಪ ಅವರ ಯಜಮಾನ್ರು” ಎಂದು ಒಬ್ಬ ಹೇಳಿದ್ದು ಊರೆಲ್ಲ ಸುತ್ತಿ ಅವಳ ಗಂಡನ ಕಿವಿಗೂ ಬಿದ್ದಿತ್ತು. ಬಸ್ಸು ಓಡಿಸಿ ನಿವೃತ್ತನಾಗಿದ್ದ ಅವನು ಎರಡು ದಿನ ಬಿಡದೆ ತಟ್ಟೆಯನ್ನು ಬಲ್ಬಿಗೆ ಹಿಡಿದು ಅವಳನ್ನು ಗೋಳುಹೊಯ್ದುಕೊಂಡಿದ್ದ.

ಈ ವಿದ್ಯೆಯನ್ನೆಲ್ಲ ಅವಳಿಗೆ ಕಲಿಸಿದ್ದು ಚಾಕು ಮಾಡುವ ಸೋದರಮಾವ. ಅಪ್ಪ ಹೋದ ಮೇಲೆ ತಾಯಿಯ ಜೊತೆ ಅವನ ಮನೆಯಲ್ಲೇ ಬೆಳೆದವಳು ಅವಳು. ಕಣ್ಣು ಮುಚ್ಚಿಸಿ ಎರಡು ಕೈಯಲ್ಲಿ ಎರಡು ಚಾಕು ಇಟ್ಟು, “ಯಾವುದು ಸುಳ್ಳು ಹೇಳ್ತಿದೆ, ಹೇಳು ನೋಡೋಣ” ಎನ್ನುತ್ತಿದ್ದ. ಹನ್ನೊಂದನೇ ವಯಸ್ಸಿಗೆ ಅವಳು ಒಂದು ಸಲವೂ ತಪ್ಪುತ್ತಿರಲಿಲ್ಲ. ಅಂಗಡಿಗೆ ಸೇರಿದ ಮೇಲೆ ಮೂವತ್ತೊಂದು ವರ್ಷ ಮಾವನ ಚಾಕುಗಳು ಆ ಮೇಜಿಗೆ ಬರುತ್ತಿದ್ದವು. ಒಂದೇ ಒಂದು ಎಡಗಡೆಯ ಬುಟ್ಟಿಗೆ ಬಿದ್ದಿರಲಿಲ್ಲ. ದಾಕ್ಷಿಣ್ಯಕ್ಕಲ್ಲ, ಅವು ಹಾಗೇ ಇರುತ್ತಿದ್ದವು. ಅವನ ಪೆಟ್ಟಿಗೆಯನ್ನು ಅವಳು ಬೇಕೆಂದೇ ಕಡೆಗೆ ಉಳಿಸಿಕೊಳ್ಳುತ್ತಿದ್ದಳು.

ಆ ಸಲ ಮಾವನಿಂದ ಬಂದದ್ದು ಇಪ್ಪತ್ತನಾಲ್ಕು ಕಸಿಚಾಕುಗಳು. ಸಸಿ ಬೆಳೆಸುವವರು ಕಸಿ ಕಟ್ಟಲು ಬಳಸುವ, ಅಂಗೈಯಗಲದ ಪುಟ್ಟ ಮಡಚುಚಾಕು. ಐದನೆಯದನ್ನು ತೆರೆದಾಗ ‘ಟಪ್’ ಎಂದಿತು. ಕಿವಿಯದೇ ತಪ್ಪಿರಬೇಕೆಂದು ಮಡಚಿ ಮತ್ತೆ ತೆರೆದಳು. ಹೆಬ್ಬೆರಳಿಟ್ಟು ಒತ್ತಿದಳು. ಅಲಗು ನಿದ್ದೆಗಣ್ಣಿನ ಮಗುವಿನ ತಲೆಯಂತೆ ಹಿಂದಕ್ಕೆ ವಾಲಿತು.

ಉಳಿದವನ್ನೆಲ್ಲ ಒಂದೊಂದಾಗಿ ನೋಡಿದಳು. ಅಂಥವು ಏಳು ಇದ್ದವು. ಅಲಗು ಚೆನ್ನ, ಅಂಚು ಕೂದಲು ಸೀಳುವಷ್ಟು ಚೂಪು, ಕೊಂಬಿನ ಹಿಡಿಯ ಮೇಲೆ ಒಂದು ಗೀರಿಲ್ಲ. ಸ್ಪ್ರಿಂಗು ಮಾತ್ರ ಮೆತ್ತಗಾಗಿತ್ತು.

ಏಳನ್ನೂ ಬಟ್ಟೆಯ ಮೇಲೆ ಸಾಲಾಗಿ ಇಟ್ಟುಕೊಂಡು ಕೂತಳು. ಹೋದ ತಿಂಗಳು ಮಾವ ತಾನೇ ಪೆಟ್ಟಿಗೆ ಹೊತ್ತು ಬಂದಾಗ ಮೆಟ್ಟಿಲಿನ ಕಡೆಯ ಪಾವಟಿಗೆ ಕಾಣದೆ ಎಡವಿದ್ದ. “ನಿಮ್ಮ ಅಂಗಡಿ ಯಜಮಾನ್ರಿಗೆ ಒಂದು ಬಲ್ಬು ಹಾಕೋಕೂ ಕೈ ಬರಲ್ವಾ?” ಎಂದು ನಕ್ಕಿದ್ದ. ಬಲ್ಬು ಉರಿಯುತ್ತಲೇ ಇತ್ತು. ಬುಟ್ಟಿಗೆ ಹಾಕಿದರೆ ವಾಪಸ್ಸು ಚೀಟಿಯ ಮೇಲೆ ಅವಳದೇ ಅಕ್ಷರದಲ್ಲಿ ಮಾವನ ಹೆಸರು ಬರೆಯಬೇಕು. ಕೆಳಗೆ ಅಂಗಡಿಯಲ್ಲಿರುವವರು ನೋಡುತ್ತಾರೆ, ಉಳಿದ ಕೆಲಸದವರ ಬಾಯಿಗೂ ಬೀಳುತ್ತದೆ. ಎಪ್ಪತ್ತಾರನೇ ವಯಸ್ಸಿನಲ್ಲಿ ಆ ಮನುಷ್ಯನಿಗೆ ಅದನ್ನು ತೋರಿಸುವುದು ಹೇಗೆ? ಹೂವಿನ ಕಡ್ಡಿ ಕೊಯ್ಯುವ ಚಾಕು ತಾನೇ, ಇದರಲ್ಲಿ ಯಾರು ಬಂಡೆ ಒಡೆಯುತ್ತಾರೆ ಎಂದುಕೊಂಡಳು. ಹಾಗೆ ಅಂದುಕೊಳ್ಳುವಾಗಲೇ ಅದು ಸುಳ್ಳೆಂದು ಗೊತ್ತಿತ್ತು. ಏಳಕ್ಕೂ ಒಂದೊಂದು ಹನಿ ಎಣ್ಣೆ ಬಿಟ್ಟು ಬಲಗಡೆಯ ತಟ್ಟೆಗೆ ಇಟ್ಟಳು.

ಆರು ವಾರ ಕಳೆಯಿತು. ಒಂದು ಬೆಳಿಗ್ಗೆ ಅಂಗಡಿಯ ಯಜಮಾನ ಮೇಲೆ ಬಂದ. ಅವನ ಹಿಂದೆ ಗುಲಾಬಿ ಸಸಿಗಳ ದೊಡ್ಡ ನರ್ಸರಿಯೊಂದರ ಮೇಸ್ತ್ರಿ. ಹೋದ ತಿಂಗಳು ಹನ್ನೆರಡು ಕಸಿಚಾಕು ಒಯ್ದಿದ್ದವನು ಅವನೇ. ಕರವಸ್ತ್ರ ಬಿಚ್ಚಿ ಒಂದು ಚಾಕುವನ್ನು ಮೇಜಿನ ಮೇಲಿಟ್ಟ. ಸ್ಪ್ರಿಂಗಿನ ಸಂದಿಯಲ್ಲಿ ಕಂದು ಕಲೆ ಒಣಗಿತ್ತು.

“ನಮ್ಮ ಹೆಂಗಸರಲ್ಲಿ ಎಲ್ಲರಿಗಿಂತ ಕೈ ಚುರುಕು ಇರೋಳಿಗೇ ಹೀಗಾಯ್ತು” ಎಂದ ಮೇಸ್ತ್ರಿ. “ಗಿಡಕ್ಕೆ ಕಣ್ಣು ಕೂರಿಸ್ತಾ ಇದ್ಲು, ಅದೇ, ಬೇರೆ ಗಿಡದ ಮೊಗ್ಗು. ತೊಗಟೆ ಸೀಳಿ, ಅಲಗು ತಿರುವಿ, ಬೆನ್ನಿನಿಂದ ತೊಗಟೆ ಎತ್ತುವಾಗ ಚಾಕು ಮಡಚಿಕೊಂಡುಬಿಡ್ತು. ತೋರುಬೆರಳಿನ ನರ ಹೋಯ್ತು. ಹೊಲಿಗೆ ಹಾಕಿದಾರೆ, ಆದ್ರೆ ಬೆರಳು ಮಡಚೋಕೆ ಬರ್ತಿಲ್ಲ.”

“ಅಕ್ಕ, ನೀವೇ ನೋಡಿ ಹೇಳಿಬಿಡಿ” ಎಂದ ಯಜಮಾನ. “ಚಾಕುದು ತಪ್ಪೋ, ಕೈದು ತಪ್ಪೋ?”

ಹದ್ದಕ್ಕ ಚಾಕುವನ್ನು ಎತ್ತಿಕೊಂಡಳು. ನೋಡುವುದೇನೂ ಇರಲಿಲ್ಲ; ಕೈಗೆ ಬಂದ ಕ್ಷಣವೇ ಗುರುತು ಸಿಕ್ಕಿತ್ತು. ಆದರೂ ಬೆಳಕಿಗೆ ಹಿಡಿದಳು, ತೆರೆದಳು, ಭೂತಗನ್ನಡಿ ಇಟ್ಟು ನೋಡಿದಳು. ಇಬ್ಬರು ಗಂಡಸರೂ ಅವಳ ಮುಖ ನೋಡುತ್ತಿದ್ದರು. ಹೊರಬಂದ ದನಿ ದಿನದ ದನಿಯಂತೆಯೇ ಇತ್ತು.

“ಬೀಗ ಇಲ್ಲದ ಚಾಕು ಇದು. ಬೆನ್ನಿನಿಂದ ಜಾಸ್ತಿ ಒತ್ತಿದ್ರೆ ಯಾವುದಾದ್ರೂ ಮಡಚ್ಕೊಳ್ಳುತ್ತೆ. ಅಷ್ಟು ಒತ್ತಬಾರದಿತ್ತು.”

“ನೀವು ಹೇಳಿದ ಮೇಲೆ ಮುಗೀತು ಬಿಡಿ” ಎಂದು ಮೇಸ್ತ್ರಿ ಕರವಸ್ತ್ರ ಮಡಚಿಕೊಂಡ. ಚಾಕುವನ್ನು ಅಲ್ಲೇ ಬಿಟ್ಟುಹೋದ. ಅಂದೇ ಮಧ್ಯಾಹ್ನ ಯಜಮಾನ ನರ್ಸರಿಗೆ ಕಾಗದ ಬರೆಸಿದ: ಪರೀಕ್ಷಿಸಲಾಗಿದೆ, ಚಾಕುವಿನಲ್ಲಿ ದೋಷವಿಲ್ಲ, ಬಳಸುವಾಗಿನ ಅಜಾಗರೂಕತೆ. ಕೆಳಗೆ ಅವಳ ಸಹಿ.

ಅವತ್ತಿನಿಂದ ಮೇಜಿನ ಮುಂದೆ ಕೂತರೆ ಅವಳಿಗೆ ಯಾವ ಚಾಕುವೂ ಸರಿಯೆನಿಸದು. ಒಳ್ಳೆಯವನ್ನೂ ಬುಟ್ಟಿಗೆ ಹಾಕತೊಡಗಿದಳು. ಒಬ್ಬ ಕೆಲಸದವ ಮುಖ ಸಣ್ಣದು ಮಾಡಿಕೊಂಡು, “ಅಕ್ಕ, ಇದರಲ್ಲಿ ಏನು ಕಮ್ಮಿ, ಅದಾದ್ರೂ ಹೇಳಿ” ಎಂದ. ಅವಳು ಅವನ ಚಾಕುಗಳನ್ನು ಒಂದೊಂದಾಗಿ ಮತ್ತೆ ತಟ್ಟೆಗೆ ಹಾಕಿದಳು. ಮನೆಯಲ್ಲಿ ಗಂಡ, “ಏನಾಯ್ತು, ನನ್ನ ಮೇಲೆ ಕೂಗಾಡಿ ಐದು ದಿನ ಆಯ್ತಲ್ಲ, ಡಾಕ್ಟರ ಹತ್ರ ಹೋಗೋಣ್ವಾ?” ಎಂದ.

ಭಾನುವಾರ ಒಂದು ಚೀಲ ಹಣ್ಣು ಕೊಂಡು ಆ ಹೆಂಗಸಿನ ಮನೆ ಹುಡುಕಿಕೊಂಡು ಹೋದಳು. ಉದ್ದ ಕಟ್ಟಡದ ಎರಡನೇ ಮಹಡಿ. ಒಂದೇ ಕೋಣೆ, ಕಿಟಕಿಯಲ್ಲಿ ಡಬ್ಬಗಳಲ್ಲಿ ಬೆಳೆಸಿದ ಐದಾರು ಗುಲಾಬಿ. ಕಸಿ ಕೆಲಸದವಳು ನಲವತ್ತರ ಆಸುಪಾಸಿನ ಸಣಕಲು ಹೆಂಗಸು. ಬಲಗೈಯ ತೋರುಬೆರಳು ಪಟ್ಟಿಯೊಳಗೆ ನೆಟ್ಟಗೆ ನಿಂತಿತ್ತು, ಯಾರನ್ನೋ ಬೊಟ್ಟು ಮಾಡಿ ತೋರಿಸುತ್ತಿರುವ ಹಾಗೆ. ಅವಳ ಮಗಳು, ಶಾಲೆಗೆ ಹೋಗುವ ವಯಸ್ಸಿನವಳು, ಕುರ್ಚಿಯ ಮೇಲಿನ ಬಟ್ಟೆ ಎತ್ತಿ ಜಾಗ ಮಾಡಿಕೊಟ್ಟಳು.

“ಅಂಗಡಿಯಿಂದ ಬಂದಿದೀನಿ” ಎಂದಳು ಹದ್ದಕ್ಕ. “ಹೇಗಿದೀರಿ ಅಂತ ನೋಡ್ಕೊಂಡು ಹೋಗೋಣ ಅಂತ.”

“ಅಯ್ಯೋ, ಅಷ್ಟು ದೂರದಿಂದ ಬಂದ್ರಾ! ನಮ್ಮ ಮೇಸ್ತ್ರಿನೇ ಇನ್ನೂ ಈ ಕಡೆ ತಲೆ ಹಾಕಿಲ್ಲ” ಎಂದು ಆಕೆ ಎಡಗೈಯಲ್ಲೇ ಚಹಾಕ್ಕೆ ನೀರಿಟ್ಟಳು. “ನಂದೇ ತಪ್ಪು ಬಿಡಿ. ಹತ್ತೊಂಬತ್ತು ವರ್ಷದಿಂದ ಕಣ್ಣು ಕೂರಿಸ್ತಾ ಇದೀನಿ. ದಿನಕ್ಕೆ ಮುನ್ನೂರು ಗಿಡ. ಒಂದು ದಿನ ಜಾಸ್ತಿ ಒತ್ತಿದೆ ಅನ್ನಿಸಿರಲಿಲ್ಲ. ಅವತ್ತೂ ಒತ್ತಿದ ನೆನಪಿಲ್ಲ ನನಗೆ. ಆದ್ರೆ ನಿಮ್ಮಲ್ಲಿ ಚಾಕು ನೋಡೋರು ಯಾರೋ ತುಂಬಾ ತಿಳಿದೋರಂತೆ, ಅವರೇ ಬರೆದು ಕೊಟ್ಟಿದಾರಂತೆ. ಹಾಗಾದ್ರೆ ನನ್ನ ಕೈಗೇ ಏನೋ ಆಗಿದೆ.” ಆಮೇಲೆ ಸಣ್ಣ ದನಿಯಲ್ಲಿ, “ಬೆರಳು ವಾಸಿ ಆದ್ರೂ ಇನ್ನು ಚಾಕು ಹಿಡಿಯೋಕೆ ಭಯ. ಎಲ್ಲಿ ಒತ್ತೀನೋ ಅಂತ” ಎಂದಳು.

“ಚಾಕು ನೋಡೋದು ನಾನೇ” ಎಂಬ ಮಾತು ಹದ್ದಕ್ಕನ ನಾಲಿಗೆಯ ತುದಿಗೆ ಬಂತು. ಆ ಹುಡುಗಿ ಬಾಗಿಲಲ್ಲಿ ನಿಂತು ಇವಳನ್ನೇ ನೋಡುತ್ತಿದ್ದಳು. ಹದ್ದಕ್ಕ ಬಿಸಿ ಚಹಾವನ್ನು ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡು, ಹಣ್ಣಿನ ಚೀಲ ಇಟ್ಟು, ಬೇಗ ವಾಸಿಯಾಗಲಿ ಎಂದು ಹೇಳಿ ಎದ್ದುಬಂದಳು. ಬೆರಳು ಕಳೆದದ್ದು ಸಾಲದೆಂದು, ಹತ್ತೊಂಬತ್ತು ವರ್ಷದ ಕೈಯ ಮೇಲಿನ ನಂಬಿಕೆಯನ್ನೂ ಕಿತ್ತುಕೊಂಡಿದ್ದಳು.

ಅಲ್ಲಿಂದ ಮನೆಗೆ ಹೋಗಲಿಲ್ಲ. ಕೈಚೀಲದಲ್ಲಿ ಬಟ್ಟೆ ಸುತ್ತಿದ ಆ ಚಾಕು ಇತ್ತು. ನೇರವಾಗಿ ಮಾವನ ಕುಲುಮೆಗೆ ಹೋದಳು.

ಮನೆಯ ಹಿಂದಿನ ತಗಡಿನ ಚಪ್ಪರದಲ್ಲಿ ಮಾವ ಒಂದು ಕೊಂಬಿನ ತುಂಡನ್ನು ಮೊಣಕಾಲಿನ ಮೇಲಿಟ್ಟು ಅರ ಹಾಕುತ್ತಿದ್ದ. ಅತ್ತೆ ಬಾಗಿಲಿನಿಂದಲೇ ಕೂಗಿದಳು: “ಬಾರೇ, ಒಳ್ಳೇ ಹೊತ್ತಿಗೆ ಬಂದೆ. ಕಣ್ಣಿಗೆ ಪೊರೆ ಬಂದಿದೆ, ತೆಗೆಸ್ಕೊಳ್ಳಿ ಅಂದ್ರೆ ಚಿಕ್ಕ ಮಗು ಥರ ಹಟ ಮಾಡ್ತಾರೆ. ನೀನಾದ್ರೂ ಹೇಳು.”

“ಇವಳಿಗೆ ನನ್ನ ಕಣ್ಣಿನ ಮೇಲೇ ಕಣ್ಣು” ಎಂದು ಮಾವ ನಕ್ಕ.

ಹದ್ದಕ್ಕ ನಗದೆ ಚಾಕುವನ್ನು ತೆರೆದು ಅವನ ಅಂಗೈಯಲ್ಲಿಟ್ಟಳು. ಮಾವ ಅದನ್ನು ನೋಡಲೂ ಇಲ್ಲ. ಹೆಬ್ಬೆರಳಿನಿಂದ ಒಮ್ಮೆ ಬೆನ್ನು ಒತ್ತಿದ.

“ಸತ್ತಿದೆ” ಎಂದ. “ಯಾರು ಮಾಡಿದ್ದು?”

“ನಿಮ್ಮದೇ, ಮಾವ.”

ಅವನು ಹಿಡಿಯ ಮೇಲೆ ಬೆರಳಾಡಿಸಿದ. ತಾನೇ ಕೊರೆದ ಗುರುತು ಸಿಕ್ಕಿತು. ಆಮೇಲೆ ಕೇಳಿದ: “ಇದು ನಿನ್ನ ಮೇಜು ದಾಟಿ ಹೋಯ್ತಾ?”

ಎಲ್ಲವನ್ನೂ ಹೇಳಿದಳು. ಏಳು ಚಾಕು, ಎಣ್ಣೆಯ ಹನಿ, ಬೆರಳು, ಕಾಗದ, ಸಹಿ. “ನಿಮಗೆ ನೋವಾಗುತ್ತೆ ಅಂತ ಮಾವ…” ಎಂದು ಕಡೆಯಲ್ಲಿ ಸೇರಿಸಿದಳು.

ಮಾವ ಅರವನ್ನು ಪಕ್ಕಕ್ಕಿಟ್ಟ. “ಸ್ಪ್ರಿಂಗಿಗೆ ಹದ ಹೇಗೆ ಕೊಡ್ತಾರೆ, ಹೇಳು.”

ಚಿಕ್ಕಂದಿನ ಹಾಗೆ ಅವಳು ಒಪ್ಪಿಸಿದಳು. “ಮೊದಲು ಕಾಯಿಸಿ ಎಣ್ಣೆಗೆ ಅದ್ದಬೇಕು. ಆಮೇಲೆ ಮತ್ತೆ ಮೆಲ್ಲಗೆ ಕಾಯಿಸ್ಬೇಕು. ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ, ಕಂದು, ನೇರಳೆ, ನೀಲಿ ಬರುತ್ತೆ. ನೀಲಿ ಬಂದ ತಕ್ಷಣ ತೆಗೀಬೇಕು. ಬೂದಿ ಬಣ್ಣಕ್ಕೆ ಹೋದ್ರೆ ಮೆತ್ತಗಾಗುತ್ತೆ.”

“ಆ ನೀಲಿ ನನಗೆ ಎರಡು ವರ್ಷದಿಂದ ಸರಿಯಾಗಿ ಕಾಣಲ್ಲ” ಎಂದ ಮಾವ. “ಅಂದಾಜಿನ ಮೇಲೆ ತೆಗೀತಿದ್ದೆ. ಇಲ್ಲಿ ಕೂರಿಸಿದ ದಿನ ಗಟ್ಟಿಯಾಗೇ ಇರುತ್ತೆ. ನಾಲ್ಕು ದಿನ ಬಿಟ್ಟರೆ ಸೋಲುತ್ತೆ. ನನಗೆ ಗೊತ್ತಾಗೋ ದಾರಿ ಒಂದೇ ಇತ್ತು. ಕೆಟ್ಟದ್ದು ಹೋದ್ರೆ ನೀನು ವಾಪಸ್ಸು ಕಳಿಸ್ತೀಯ, ಕಳಿಸಿದ ದಿನ ಕುಲುಮೆ ಆರಿಸೋದು ಅಂತ ಅಂದ್ಕೊಂಡಿದ್ದೆ. ಪ್ರತಿ ಸಲ ಪೆಟ್ಟಿಗೆ ಖಾಲಿಯಾಗಿ ಬಂದಾಗ, ಪರವಾಗಿಲ್ಲ, ಕೈಗೆ ಇನ್ನೂ ಲೆಕ್ಕ ತಪ್ಪಿಲ್ಲ ಅಂತ ಖುಷಿಪಡ್ತಿದ್ದೆ.” ಅವನ ದನಿ ಏರಲಿಲ್ಲ. “ನಿನ್ನನ್ನ ನಂಬಿ ಕೆಲಸ ಮಾಡ್ತಿದ್ದೆ ಕಣೇ ನಾನು.”

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹದ್ದಕ್ಕ ನೆಲದ ಮೇಲೆ ಕೂತು, ಕೊಂಬಿನ ಪುಡಿಯ ನಡುವೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಮಾವ ಸಮಾಧಾನ ಮಾಡಲಿಲ್ಲ. ತಲೆಯ ಮೇಲೆ ಕೈಯಿಡಲೂ ಇಲ್ಲ. “ತಪ್ಪು ನಂದೂ ಇದೆ. ನೋಡೋಕಾಗದವನು ಮಾಡಬಾರದಿತ್ತು” ಎಂದಷ್ಟೇ ಹೇಳಿ, “ಬಾಕಿ ಆರು ಎಲ್ಲಿವೆ?” ಎಂದು ಕೇಳಿದ.

ಮರುದಿನ ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ಯಜಮಾನನ ಎದುರು ನಿಂತಿದ್ದಳು. ಕೇಳಿ ಅವನ ಮುಖ ಕಪ್ಪಿಟ್ಟಿತು. ಬಾಗಿಲು ಮುಚ್ಚಿ ಬಂದು ತಗ್ಗಿದ ದನಿಯಲ್ಲಿ ಹೇಳಿದ: “ಅಕ್ಕ, ಕಾಗದ ಕೊಟ್ಟಾಗಿದೆ. ಅವರೂ ಒಪ್ಪಿಕೊಂಡಿದಾರೆ. ಈಗ ಇದನ್ನ ಕೆದಕಿದ್ರೆ ನಿಮ್ಮ ಮರ್ಯಾದೆ, ನನ್ನ ಮರ್ಯಾದೆ, ಎರಡೂ ಬೀದಿಗೆ ಬರುತ್ತೆ. ಉಳಿದ ಚಾಕುಗಳನ್ನ ಸದ್ದಿಲ್ಲದೆ ವಾಪಸ್ಸು ತರಿಸ್ಕೊಳ್ಳೋಣ.”

“ಇನ್ನೊಂದು ಕಾಗದ ಬರೀರಿ” ಎಂದಳು. “ಇಲ್ಲದಿದ್ರೆ ನಾನೇ ಹೋಗಿ ಬಾಯಲ್ಲಿ ಹೇಳ್ತೀನಿ. ಹೇಗಿದ್ರೂ ಹೇಳೋಳೇ.”

ಅವನು ಬರೆದ. ಬರೆದು, ಅವಳ ಮುಖ ನೋಡದೆ, “ಇನ್ನು ಮೇಲೆ ಮೇಜಿನ ಹತ್ರ ಇನ್ನೊಬ್ಬರು ಕೂರ್ತಾರೆ. ನೀವು ನೋಡಿದ್ದನ್ನ ಅವರೂ ನೋಡ್ತಾರೆ” ಎಂದ. ಅವಳು ತಲೆಯಾಡಿಸಿದಳು.

ನರ್ಸರಿಯಲ್ಲಿ ಆ ಕಸಿ ಕೆಲಸದವಳು ಅಂದೇ ಕೆಲಸಕ್ಕೆ ಮರಳಿದ್ದಳು, ಕಸಿಗಲ್ಲ, ಕುಂಡಗಳಿಗೆ ಮಣ್ಣು ತುಂಬಲು. ಉದ್ದನೆಯ ಶೆಡ್ಡಿನಲ್ಲಿ ಎರಡು ಸಾಲು ಹೆಂಗಸರು ಬಗ್ಗಿ ಕಣ್ಣು ಕೂರಿಸುತ್ತಿದ್ದರು. ಮೇಸ್ತ್ರಿಯೂ ಅಲ್ಲಿದ್ದ. ಹದ್ದಕ್ಕ ಕಾಗದ ಅವನ ಕೈಗೆ ಕೊಟ್ಟು, ಓದುವ ತನಕ ಕಾಯದೆ, ಎಲ್ಲರಿಗೂ ಕೇಳುವಂತೆ ಹೇಳಿದಳು: “ಚಾಕುವಿನ ಸ್ಪ್ರಿಂಗು ಕೆಟ್ಟಿತ್ತು. ಇವರು ಜಾಸ್ತಿ ಒತ್ತಿಲ್ಲ. ಕೆಟ್ಟಿದೆ ಅಂತ ಗೊತ್ತಿದ್ದೂ ನಾನು ಪಾಸು ಮಾಡಿದೆ. ಆಮೇಲೆ ಸುಳ್ಳು ಹೇಳಿದೆ.”

ಚಾಕುಗಳು ನಿಂತವು. ಕಸಿಯವಳು ಮಣ್ಣಾದ ಕೈಯನ್ನು ಹಾಗೇ ಹಿಡಿದುಕೊಂಡು ಎದ್ದುಬಂದಳು.

“ಇನ್ನೊಂದ್ಸಲ ಹೇಳಿ. ನನ್ನ ಕೈದು ತಪ್ಪಲ್ಲ ಅಂತ.”

“ನಿಮ್ಮ ಕೈದು ತಪ್ಪಲ್ಲ.”

“ನಿನ್ನೆ ನಮ್ಮನೆಗೆ ಬಂದಾಗ ಇದು ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು.”

“ಹಣ್ಣು ಕೊಟ್ಟು ಹೋದ್ರಲ್ಲ” ಎಂದಳು ಆಕೆ. “ನೀವು ಹೋದ ಮೇಲೆ ಮಗಳ ಹತ್ರ ಹೇಳ್ತಿದ್ದೆ, ಎಷ್ಟು ಒಳ್ಳೆಯವರು ನೋಡು ಅಂತ.”

ಹದ್ದಕ್ಕ ಬಾಯಿ ತೆರೆದಳು. ಆಕೆ ಅಷ್ಟರಲ್ಲಿ ತಿರುಗಿ ತನ್ನ ಜಾಗಕ್ಕೆ ಹೋಗಿ ಕುಂಡಕ್ಕೆ ಮಣ್ಣು ಸುರಿಯತೊಡಗಿದ್ದಳು. ಕ್ಷಮಿಸಿ ಎನ್ನಲು ಅವಕಾಶ ಸಿಗಲಿಲ್ಲ. ಸಿಕ್ಕಿದ್ದರೂ ಆಕೆ ಕೇಳಿಸಿಕೊಳ್ಳುತ್ತಿರಲಿಲ್ಲವೇನೋ. ಮೇಸ್ತ್ರಿ ಕಾಗದವನ್ನು ಜೇಬಿಗಿಟ್ಟು, ಉಳಿದ ಹನ್ನೊಂದು ಚಾಕುಗಳನ್ನು ಒಂದು ಬಕೆಟ್ಟಿನಲ್ಲಿ ಹಾಕಿಸಿ ಅವಳ ಕಾಲ ಬಳಿ ಇಟ್ಟ. ಅವಳು ಅಲ್ಲೇ ಬಾಗಿಲಲ್ಲಿ ಮಂಡಿಯೂರಿ ಕೂತು, ಎಲ್ಲರೂ ನೋಡುತ್ತಿದ್ದಂತೆ, ಒಂದೊಂದನ್ನೂ ತೆರೆದು ಒತ್ತಿ ನೋಡಿದಳು. ಮೂರು ಸಿಕ್ಕವು.

ನರ್ಸರಿಯವರು ಆಕೆಗೆ ರಜೆಯ ದಿನಗಳ ಸಂಬಳ ಕೊಟ್ಟರು, ಚಿಕಿತ್ಸೆಯನ್ನು ಅಂಗಡಿ ವಹಿಸಿಕೊಂಡಿತು. ಎರಡನೇ ಆಪರೇಷನ್ ಆಯಿತು. ಬೆರಳು ಅರ್ಧದಷ್ಟು ಮಡಚುತ್ತದೆಂದೂ, ಆಕೆ ಮಧ್ಯದ ಬೆರಳಿನ ಆಸರೆಯಲ್ಲಿ ಚಾಕು ಹಿಡಿದು ದಿನಕ್ಕೆ ನೂರು ಗಿಡ ಕಸಿ ಮಾಡುತ್ತಾಳೆಂದೂ ಮೇಸ್ತ್ರಿಯಿಂದ ತಿಳಿಯಿತು. ಹದ್ದಕ್ಕ ಮತ್ತೆ ಆ ಮನೆಗೆ ಹೋಗಲಿಲ್ಲ. ಬರಬೇಡಿ ಎಂದು ಆಕೆಯೇ ಹೇಳಿ ಕಳಿಸಿದ್ದಳು.

ಮಾವನ ಒಂದು ಕಣ್ಣಿನ ಪೊರೆ ತೆಗೆಸಿದ್ದಾಯಿತು. ಪಟ್ಟಿ ಬಿಚ್ಚಿದ ದಿನ ಅತ್ತೆಯ ಮುಖ ನೋಡಿ, “ಇಷ್ಟು ಮುದುಕಿಯಾಗಿದೀಯಾ, ಮೊದಲೇ ಹೇಳಬಾರದಿತ್ತಾ” ಎಂದು ಬೈಸಿಕೊಂಡನಂತೆ. ಆದರೆ ಕುಲುಮೆಯನ್ನು ಮತ್ತೆ ಹೊತ್ತಿಸಲಿಲ್ಲ. ಹದ್ದಕ್ಕ ಹೋದರೆ ಮಾತಾಡಿಸುತ್ತಾನೆ, ಚಹಾ ಕುಡಿಸುತ್ತಾನೆ. ಚಾಕುವಿನ ಮಾತು ಮಾತ್ರ ಎತ್ತುವುದಿಲ್ಲ. ಅವಳೂ ಎತ್ತುವುದಿಲ್ಲ.

ಅಂಗಡಿಯಲ್ಲಿ ಉಳಿದಿದ್ದ ಹನ್ನೆರಡರಲ್ಲಿ ಏಳು ಇನ್ನೂ ಮಾರಾಟವಾಗಿರಲಿಲ್ಲ. ಅವುಗಳಲ್ಲಿ ಒಂದು ಕೆಟ್ಟದ್ದು ಸಿಕ್ಕಿತು. ಕಸಿಚಾಕು ಕೊಂಡವರು ವಾಪಸ್ಸು ತನ್ನಿ ಎಂದು ಬಾಗಿಲಿಗೆ ಅಂಟಿಸಿದ ಸೂಚನೆ ನೋಡಿ ಮೂವರು ತಾವು ಕೊಂಡದ್ದನ್ನು ತಂದುಕೊಟ್ಟರು, ಅವುಗಳಲ್ಲೂ ಒಂದು ಕೆಟ್ಟದ್ದಿತ್ತು. ಇನ್ನೆರಡು ಬರಲಿಲ್ಲ. ಯಾರು ಕೊಂಡರೋ, ಯಾವ ಊರಿಗೆ ಹೋದವೋ. ಏಳನೆಯದು ಆ ಎರಡರಲ್ಲಿ ಒಂದು. ವರ್ಷ ಕಳೆದಿದೆ. ಬಿಸಿಲಿಗೆ ಸೂಚನೆಯ ಅಕ್ಷರ ಮಾಸುತ್ತಲೇ ಇರುತ್ತದೆ. ಹದ್ದಕ್ಕ ತಿಂಗಳಿಗೊಮ್ಮೆ ಅದನ್ನು ಕಿತ್ತು, ಹೊಸದಾಗಿ ಬರೆದು, ನಾಲ್ಕು ಮೂಲೆಗೂ ಗೋಂದು ಹಚ್ಚಿ ಅಂಟಿಸುತ್ತಾಳೆ.